ತಂಬೂರಿಯೋ ಚೌತಾರವೋ

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ತಂತಿವಾದ್ಯ ರಿಪೇರಿ ಮಾಡುವ ಸೈಫುದ್ದೀನರ ಅಂಗಡಿಗೆ ಆ ಇಬ್ಬರು ಮುದುಕರೂ ಒಂದೇ ಬಸ್ಸಿನಲ್ಲಿ, ದೂರ ದೂರದ ಸೀಟು ಹಿಡಿದು ಬಂದಿದ್ದರು.

ಬಿಜ್ಜರಗಿಯ ದರ್ಗಾದಲ್ಲಿ ಉರುಸಿನ ದಿನ ಮೊದಲ ಪದ ಹಾಡುವ ಹಕ್ಕು ಸ್ವರ ನುಡಿಸುವ ವಾದ್ಯವಿರುವ ಮನೆಗೆ ಸೇರಿದ್ದು. ಬರಿಯ ಶ್ರುತಿ ಹಿಡಿಯುವ ತಂಬೂರಿಯವರದು ಅನಂತರದ ಸರದಿ. ಮೂರು ತಲೆಮಾರಿನಿಂದ ಆ ಹಕ್ಕು ಲಾಡಲೇಸಾಬನ ಮನೆಯಲ್ಲಿತ್ತು. ಅವನಲ್ಲಿರುವ ನಾಲ್ಕು ತಂತಿಯ ಪುಟ್ಟ ವಾದ್ಯ ಸ್ವರ ನುಡಿಸುವ ಚೌತಾರವಲ್ಲ, ತಂಬೂರಿಯ ಮರಿ ಎಂದು ಹೊನವಾಡದ ಶಿವಯೋಗೆಪ್ಪ ಈ ವರ್ಷ ತಕರಾರು ತೆಗೆದಿದ್ದ. ಹಾಗಾದರೆ ಇಬ್ಬರೂ ತಂಬೂರಿಯವರೇ. ವಯಸ್ಸಿನಲ್ಲಿ ಹಿರಿಯನಾದ ತಾನೇ ಮೊದಲು ಎಂಬುದು ಅವನ ವಾದ. ತೀರ್ಪಿಗಾಗಿ ವಾದ್ಯ ಇಲ್ಲಿಗೆ ಬಂದಿತ್ತು.

ಸೈಫುದ್ದೀನರು ವಾದ್ಯದ ಕತ್ತನ್ನು ಬೆರಳಿನಿಂದ ಸವರಿದರು. "ದಂಡಿಗೆ ಏನ್ ಮಾಡೀರಿ?"

"ತಿಕ್ಕಿ ಪಾಲಿಶ್ ಮಾಡಿಸೇನ್ರಿ. ನಿಮ್ಮ ಮುಂದ ಹೊಲಸ ಇಡಬಾರದಂತ," ಎಂದ ಲಾಡಲೇಸಾಬ.

"ಸ್ವರ ಒತ್ತಾಕ ನರದ ಮೆಟ್ಟಿಲು ಕಟ್ಟಿದ ಕಚ್ಚು ಅಲ್ಲೇ ಇರತಿದ್ವು. ಸಾಕ್ಷಿನ ತಿಕ್ಕಿ ಹಾಕೀರಿ."

"ಮದುಮಗಗ ಅರಿಶಿಣ ಹಚ್ಚಿದಂಗ ಹಚ್ಚ್ಯಾನ್ರೀ ಯಪ್ಪಾ," ಎಂದು ಶಿವಯೋಗೆಪ್ಪ ನಕ್ಕ.

"ಬಾಯಿ ಮುಚ್ಚಲೇ ಶಿವಯೋಗ್ಯಾ!"

ಸೈಫುದ್ದೀನರು ತಂತಿಗಳು ಹಾಯುವ ಎಲುಬಿನ ಪಟ್ಟಿಯನ್ನು ಬೆಳಕಿಗೆ ಹಿಡಿದರು. ತಂಬೂರಿಯಲ್ಲಾದರೆ ನಾಲ್ಕು ಗೀರುಗಳೂ ಸಮದೂರ. ಇಲ್ಲಿ ಎರಡೆರಡು ಜೋಡಿ, ನಡುವೆ ಅಗಲ ತೆರಪು. ಲಾಡಲೇಸಾಬ ತಂಬೂರಿಯಂತೆಯೇ ಒಂದು ಪಂಚಮ, ಮೂರು ಷಡ್ಜ ಕೂಡಿಸಿದ್ದ. ಅವರು ಬಿರಡೆಗಳನ್ನು ಸಡಿಲಿಸಿ ಒಂದು ಜೋಡಿಯನ್ನು ಷಡ್ಜಕ್ಕೆ, ಇನ್ನೊಂದನ್ನು ಪಂಚಮಕ್ಕೆ ಏರಿಸಿ ಮೀಟಿದರು. ನಾದ ಒಣಗಿತ್ತು, ಚುರುಕಾಗಿತ್ತು. ತಂಬೂರಿಯಂತೆ ಗುಂಯ್‌ಗುಡುತ್ತ ತಂಗಲಿಲ್ಲ.

"ಇದು ಚೌತಾರ."

"ಕೇಳಿದೇನಲೇ?" ಲಾಡಲೇಸಾಬ ತೊಡೆ ತಟ್ಟಿದ.

"ಕೇಳೇನಿ. ವಾದ್ಯ ಇದ್ರ ಸಾಲದು, ಸ್ವರ ನುಡಿಸಾಕ ಬರಬೇಕು. ಈಗ ಒಂದ ಪದ ನುಡಿಸು," ಎಂದ ಶಿವಯೋಗೆಪ್ಪ.

ಸೈಫುದ್ದೀನರು ದಂಡಿಯ ಉದ್ದ ಅಳೆದು, ಗಾಳದ ದಾರದಿಂದ ಏಳು ಮೆಟ್ಟಿಲು ಕಟ್ಟಿದರು. ತರಿಸಿದ ಚಹಾವನ್ನು ಇಬ್ಬರೂ ಮುಟ್ಟಲಿಲ್ಲ.

ಲಾಡಲೇಸಾಬನ ಅಪ್ಪನ ಕಾಲಕ್ಕೇ ಮೆಟ್ಟಿಲುಗಳು ಹರಿದುಹೋಗಿದ್ದವು. ಅವನು ಕಲಿತದ್ದು ಬೆರಳೊತ್ತದೆ ಬರಿಯ ತಂತಿಗಳನ್ನು ಮೀಟುತ್ತ ಹಾಡುವುದನ್ನು ಮಾತ್ರ. ಅವನ ಎಡಗೈಗೆ ವಾದ್ಯವನ್ನು ಹಿಡಿದುಕೊಳ್ಳುವುದಷ್ಟೇ ಗೊತ್ತಿತ್ತು. ಒತ್ತಿದ ಮೊದಲ ಸ್ವರ ಕರಕರಗುಟ್ಟಿತು. ಎರಡನೆಯದು ದಾರಿ ತಪ್ಪಿತು.

"ಉಸ್ತಾದ್ರ, ನೀವರ ಹೇಳ್ರಿ," ಎಂದು ಲಾಡಲೇಸಾಬ ಸೈಫುದ್ದೀನರತ್ತ ತಿರುಗಿದ.

"ವಾದ್ಯದ್ದು ಕೇಳಿದ್ರಿ, ಹೇಳೇನಿ. ನಿಮ್ಮ ಕೈಯದ್ದು ನಾ ಏನ್ ಹೇಳ್ಲಿ?"

ಶಿವಯೋಗೆಪ್ಪ ಎದ್ದು ತಲೆಯ ಪಟಕಾ ಸರಿಪಡಿಸಿಕೊಂಡ. "ಉರುಸಿನಾಗ ನನ್ನ ಹಿಂದ ಕುಂಡ್ರು. ಶ್ರುತಿ ಹಿಡಿ."

"ಉರುಸಿಗೆ ಇನ್ನ ಹನ್ನೊಂದ ದಿನ ಐತಿ," ಲಾಡಲೇಸಾಬ ಹಲ್ಲು ಕಚ್ಚಿ ಮೂರನೆಯ ಮೆಟ್ಟಿಲನ್ನು ಒತ್ತಿದ.

"ಹನ್ನೊಂದ ವರ್ಷ ಬೇಕಲೇ ನಿನಗ," ಎಂದು ಶಿವಯೋಗೆಪ್ಪ ಚಪ್ಪಲಿ ಹಾಕಿಕೊಂಡು ಹೊರಟ.