ಜಿಮ್ಮಿ ಕೆದಕಿದ ಪಾತಿ

ಹಿಟ್ಟು ಕಲಸುವಾಗ ಕಾಲಿಗೇ ಸುತ್ತಿಕೊಳ್ಳುತ್ತಿದ್ದ ನಾಯಿ ಜಿಮ್ಮಿ, ಕೇಕಿನ ಪಾತ್ರೆ ಕುಕ್ಕರಿನೊಳಗೆ ಇಳಿಯುತ್ತಲೇ ಕಾಣೆಯಾಗಿತ್ತು. ಅಂಗಳದಲ್ಲಿ ಹರವಿದ ಕೊಬ್ಬರಿಯನ್ನೇ ಬಿಡದ ಕಳ್ಳ ನಾಯಿ ಚಾಕಲೇಟಿನ ಘಮ ಬಿಟ್ಟು ಹೋಗುವುದೆಂದರೇನು? ಇದರಲ್ಲೇನೋ ಮಸಲತ್ತಿದೆ ಎಂದುಕೊಂಡ ವನಜಾಕ್ಷಿ, ಅಡುಗೆಮನೆಗೆ ಚಿಲಕ ಹಾಕಿಕೊಂಡು ಕೇಕು ಕಾಯುತ್ತ ಕೂತಳು.

ಅವಳ ಎದೆಯಲ್ಲಿ ಇನ್ನೊಂದು ಅಳುಕೂ ಇತ್ತು. ಅತ್ತೆ ಬೋರಮ್ಮ ಸೋಮವಾರ ಮೊಟ್ಟೆ ಮುಟ್ಟುವವರಲ್ಲ. ಮಗಳ ಹುಟ್ಟುಹಬ್ಬ ಈ ಸಲ ಸೋಮವಾರವೇ ಬಿದ್ದಿತ್ತು. ಹೋದ ವರ್ಷ ಬರೀ ಮೊಸರು ಹಾಕಿ ಮಾಡಿದ ಕೇಕು ಕಲ್ಲಾಗಿತ್ತು. ಅದಕ್ಕೇ ಅವಳು ಗುಟ್ಟಾಗಿ ಮೊಟ್ಟೆ ಒಡೆದು ಹಾಕಿ, ಸಿಪ್ಪೆಯನ್ನು ಹಿತ್ತಲಿನ ತೆಂಗಿನಮರದ ಪಾತಿಯಲ್ಲಿ ಹೂತು ಬಂದಿದ್ದಳು.

ಸಂಜೆ ಜಗಲಿಯಲ್ಲಿ ಕೂತ ಬೋರಮ್ಮ ಕೇಕನ್ನು ಮೂಸಿ ನೋಡಿದರು.

"ಮೊಟ್ಟೆ ಹಾಕಿಲ್ಲ ತಾನೇ?"

"ಇಲ್ಲ ಕಣತ್ತೆ, ಮೊಸರು."

"ಮೊಸರಿಗೇ ಇಷ್ಟು ಉಬ್ಬೈತಾ?"

ಸೊಸೆಯ ಮುಖದಿಂದ ಕಣ್ಣು ತೆಗೆಯದೆ ಅವರು ಒಂದು ಚೂರು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಹುಬ್ಬಿನ ಗಂಟು ಸಡಿಲಾಯಿತು.

ಅಷ್ಟರಲ್ಲಿ ಜಿಮ್ಮಿ ಹಿತ್ತಲ ಕಡೆಯಿಂದ ಮೂತಿಯೆಲ್ಲ ಮಣ್ಣು ಮಾಡಿಕೊಂಡು ಬಂತು. ಬಾಯಲ್ಲಿದ್ದುದನ್ನು ಬೋರಮ್ಮನ ಕಾಲ ಬಳಿ ಇಟ್ಟು, ಶಭಾಷ್‌ಗಿರಿಗೆ ಕಾಯುವಂತೆ ಬಾಲ ಅಲ್ಲಾಡಿಸಿತು. ಅದು ಮೊಟ್ಟೆಯ ಸಿಪ್ಪೆ.

ಬೋರಮ್ಮ ಸಿಪ್ಪೆಯನ್ನು ನೋಡಿದರು, ಸೊಸೆಯನ್ನು ನೋಡಿದರು, ಆಮೇಲೆ ಕಾಲಿನಿಂದಲೇ ಸಿಪ್ಪೆಯನ್ನು ಜಗಲಿಯಿಂದ ಕೆಳಕ್ಕೆ ತಳ್ಳಿದರು.

"ಕಂಡೋರ ಮನೇದೆಲ್ಲ ಕಚ್ಕೊಂಡು ಬತ್ತದೆ ಹಾಳಾದ್ದು. ಕಟ್ಟಾಕು ಅದನ್ನ" ಎಂದು ತಟ್ಟೆಯನ್ನು ಮುಂದಕ್ಕೆ ಚಾಚಿದರು. "ಇನ್ನೊಂದು ಚೂರು ಹಾಕು."