ಅಂಬಾಸಿಡರಿನ ಟಕಟಕ

ಹಾನಗಲ್ಲಿನ ಕುಬೇರಪ್ಪನಿಗೆ ಅಪ್ಪನ ಕಾಲದ ಅಂಬಾಸಿಡರ್ ಕಾರೆಂದರೆ ಜೀವ. ಅದರೊಳಗೆ ಎಲ್ಲಿಂದಲೋ ಟಕಟಕ ಸಪ್ಪಳ ಶುರುವಾದದ್ದೇ ತಡ, ಅವನ ನಿದ್ದೆ ಹಾರಿಹೋಯಿತು. ಪಾನಾ ಹಿಡಿದು ಸಡಿಲಾಗಿದ್ದ ಬಾಗಿಲ ಹಿಡಿಕೆ ಬಿಗಿ ಮಾಡಿದ. ಏರಿಸಿದರೂ ಜಾರಿ ಇಳಿಯುತ್ತಿದ್ದ ಕಿಟಕಿಯ ಗಾಜು ಸರಿಮಾಡಿದ. ಕುಂತವರಿಗೆ ಚುಚ್ಚುತ್ತಿದ್ದ ಸೀಟಿನ ಸ್ಪ್ರಿಂಗನ್ನೂ ಬಿಡಲಿಲ್ಲ. ಒಬ್ಬನೇ ಓಡಿಸಿದರೆ ಕಾರು ಗಪ್‌ಚಿಪ್. ಹೆಂಡತಿ ಅನ್ನವ್ವ ಪಕ್ಕದಲ್ಲಿ ಕುಂತಳೋ, ಮತ್ತೆ ಅದೇ ಟಕಟಕ.

ವೀಳ್ಯದೆಲೆ ತರಲೆಂದು ಇಬ್ಬರೂ ಸವಣೂರಿಗೆ ಹೊರಟ ದಿನ ಅವನ ತಲೆ ಕೆಟ್ಟಿತು.

“ನೀ ಕುಂತಾಗ ಅಷ್ಟ ಸಪ್ಪಳ ಮಾಡ್ತೈತಿ ನೋಡು. ನಿನ್ನ ಕಂಡ್ರ ಈ ಕಾರಿಗೆ ಆಗಂಗಿಲ್ಲ.”

ಅನ್ನವ್ವ ಕಿಟಕಿಯ ಹಿಡಿಕೆಗೆ ತಾನು ಈಚೆಗೆ ನೇತುಹಾಕತೊಡಗಿದ್ದ ಎಲೆಅಡಿಕೆ ಚಂಚಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಸಪ್ಪಳ ನಿಂತಿತು. ಚಂಚಿಯೊಳಗಿನ ಅಡಕೊತ್ತು ಸುಣ್ಣದ ಡಬ್ಬಿಗೆ ಬಡಿಯುತ್ತಿತ್ತು, ಅಷ್ಟೇ.

ಕುಬೇರಪ್ಪ ಕಾರು ನಿಲ್ಲಿಸಿದ. “ಗೊತ್ತಿದ್ದೂ ಇಷ್ಟು ದಿನ ಸುಮ್ಮನ ಕುಂತಿದ್ದೇನ?”

“ಆ ಸ್ಪ್ರಿಂಗು ನನಗ ಚುಚ್ಚಾಕತ್ತಿ ಎರಡು ವರ್ಷ ಆಗಿತ್ರಿ,” ಎಂದು ಅನ್ನವ್ವ ಎಲೆಗೆ ಸುಣ್ಣ ಸವರಿದಳು. “ನಾ ಹೇಳಿದ್ದು ಕಿವಿಗೆ ಹಾಕ್ಕೊಳ್ಳಲಿಲ್ಲ. ಕಾರು ಹೇಳಿದ ಕೂಡ್ಲೆ ಪಾನಾ ಹಿಡದು ಕುಂತ್ರಿ.”