ಹದಿನೇಳನೆಯ ಅಚ್ಚು

ಸೊಲೆನ್‌ಳದೇ, ಅನುಮಾನವಿಲ್ಲ. ಬರ್ತ್ರಾಂ ಹದಿನೇಳನೆಯ ಅಚ್ಚನ್ನು ಮತ್ತೆ ಓರೆ ಬೆಳಕಿಗೆ ಹಿಡಿದ. ಅವನ ಹೆಂಡತಿ ಸೊಲೆನ್‌ಳ ಎಡಗಣ್ಣಿನ ಅಂಚಿನಲ್ಲಿ ಸೀತಾಳೆ ಸಿಡುಬು ಬಿಟ್ಟುಹೋದ ಕುಳಿಯೊಂದಿತ್ತು. ಸಿಲಿಕೋನಿನ ಆ ಅಚ್ಚಿನಲ್ಲಿ ಅದು ಉಬ್ಬಾಗಿ ಎದ್ದಿತ್ತು. ಮದುವೆಯ ಹೊಸತರಲ್ಲಿ ಅವನು ಮುತ್ತಿಡುತ್ತಿದ್ದ ಜಾಗ.

ಓರ್ಲೆಯಾಂ ಊರಿನ ಈ ಪ್ರಯೋಗಾಲಯಕ್ಕಾಗಿ ನಲವತ್ತು ಹೆಂಗಸರು ಎಂಟು ವಾರದಿಂದ ಕಣ್ಣಂಚಿಗೆ ಸುಕ್ಕು ಇಳಿಸುವ ಕ್ರೀಮು ಹಚ್ಚುತ್ತಿದ್ದರು. ಅವರ ಸುಕ್ಕುಗಳ ಅಚ್ಚುಗಳು ಹೆಸರಿಲ್ಲದೆ, ಬರೀ ನಂಬರು ಹೊತ್ತು ಅವನ ಮೇಜಿಗೆ ಬರುತ್ತಿದ್ದವು. ಕ್ರೀಮಿನೊಳಗಿನ ಪೆಪ್ಟೈಡು ಅವನದೇ ಕೂಸು. ಐದು ಅಮೈನೊ ಆಮ್ಲಗಳ ಆ ಪುಟ್ಟ ಸರಪಳಿಯನ್ನು ಚರ್ಮ ಹಾಗೇ ಒಳಗೆ ಬಿಡುವುದಿಲ್ಲ. ಕೊಬ್ಬಿನ ಬಾಲವೊಂದನ್ನು ಕಟ್ಟಿದರೆ ಜಿಡ್ಡಿಗೆ ಜಿಡ್ಡು ಸೇರಿ ನುಸುಳುತ್ತದೆ. ಬೆಣ್ಣೆ ಹಚ್ಚಿ ಯಾರು ಎಲ್ಲೆಲ್ಲಿ ನುಸುಳುತ್ತಾರೋ ಎಂದು ಇವತ್ತು ಅನ್ನಿಸಿತು.

ಸಿಬ್ಬಂದಿಯ ಮನೆಯವರು ಪರೀಕ್ಷೆಗೆ ಸೇರುವಂತಿಲ್ಲ. ಸೇರಿದ್ದಾಳೆ. ಹೇಳಿಲ್ಲ. ಯಾರಿಗಾಗಿ ಈ ಸಿಂಗಾರ?

ಗೆರೆಗಳನ್ನು ಅಳೆದ. ಮೊದಲ ವಾರಕ್ಕಿಂತ ಕೂದಲೆಳೆಯಷ್ಟು ಆಳ. ಬೇರೆಯವರದಾಗಿದ್ದರೆ ಅಳತೆಯ ತಪ್ಪೆಂದು ಬಿಟ್ಟುಬಿಡುತ್ತಿದ್ದ. ಆದರೆ ಇವು ನಗುವವರಿಗೆ ಬೀಳುವ ಗೆರೆಗಳು. ಮನೆಯಲ್ಲಿ ಸೊಲೆನ್ ಕೊನೆಯ ಸಲ ನಕ್ಕಿದ್ದು ಅವನಿಗೆ ನೆನಪಾಗಲಿಲ್ಲ.

ಮಧ್ಯಾಹ್ನ, ಅಚ್ಚು ತೆಗೆಯುವ ಮರಿವೋನ್‌ಳ ಪಕ್ಕ ಊಟಕ್ಕೆ ಕೂತ. ಚಳಿಯ ಬಗ್ಗೆ ಒಂದೆರಡು ಮಾತಾಡಿ, ಬ್ರೆಡ್ಡಿಗೆ ಮೇಕೆ ಚೀಸು ಸವರುತ್ತ, ಹದಿನೇಳು ಯಾರೆಂದು ಕೇಳಿದ.

"ನಂಬರಿಗೆ ಹೆಸರಿಲ್ಲ ಕಣಪ್ಪಾ. ನೀನೇ ಮಾಡಿದ ನಿಯಮ," ಎಂದಳು ಮರಿವೋನ್. ಆಮೇಲೆ ತಾನೇ ಸೇರಿಸಿದಳು: "ಭಾರಿ ತಮಾಷೆ ಹೆಂಗಸು. ಅವಳು ಬಂದ್ರೆ ಕಾಯ್ತಾ ಕೂತವರೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಾರೆ. ಅಚ್ಚು ಗಟ್ಟಿಯಾಗೋ ಐದು ನಿಮಿಷ ಅವಳನ್ನ ಸುಮ್ನಿರ್ಸೋದೇ ದೊಡ್ಡ ಕೆಲ್ಸ."

"ಏನು ಹೇಳಿ ನಗಿಸ್ತಾಳೆ?"

"ಗಂಡನ ಸುದ್ದಿ."

ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟ. ಅವನು ಎದ್ದು ನೀರು ಕುಡಿದ.

ಸಂಜೆ ಸೂಪಿನ ಮುಂದೆ ಕೂತಾಗ, ಆಫೀಸಿನಲ್ಲಿ ಕೇಳಿದ್ದ ಜೋಕೊಂದನ್ನು ಹೇಳಿದ. ನಿರ್ದೇಶಕರ ನಾಯಿಯ ಕುರಿತದ್ದು. ಕೊನೆ ಸರಿಯಾಗಿ ನೆನಪಿರಲಿಲ್ಲ. ಏನೋ ಸೇರಿಸಿ ತಾನೇ ನಕ್ಕ. ಸೊಲೆನ್ ಚಮಚ ಕೆಳಗಿಟ್ಟಳು.

"ಮೈ ಹುಷಾರಿಲ್ವಾ?"

ಅವನಿಗೆ ಅವಮಾನವಾಯಿತು. ಹದಿನೇಳು ನೀನೇನಾ ಎಂದು ಕೇಳಿಯೇಬಿಡಬೇಕೆನಿಸಿತು. ಕೇಳಿದರೆ ಎಲ್ಲಿ ಹೂಂ ಅಂದುಬಿಡುತ್ತಾಳೋ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಬದಲಿಗೆ ಮೇಜಿನ ದೀಪವನ್ನೆತ್ತಿ ಅವಳ ಎಡಗಣ್ಣಿಗೆ ಓರೆಯಾಗಿ ಹಿಡಿದ.

ಸೊಲೆನ್ ಬೆಚ್ಚಲಿಲ್ಲ, ಯಾಕೆಂದೂ ಕೇಳಲಿಲ್ಲ. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಗದ್ದ ತುಸು ಎತ್ತಿ, ಕಣ್ಣು ಮುಚ್ಚಿ, ಮುಖವನ್ನು ಸಡಿಲ ಬಿಟ್ಟಳು.

"ಐದು ನಿಮಿಷ ತಾನೆ?" ಎಂದಳು.

ಬರ್ತ್ರಾಂ ಗಡಿಯಾರ ನೋಡಿದ.